ಗೋಡೆಯಿಂದ ಎರಡೂವರೆ ಫೂಟು

ಇಂಡಿ
ತಾ. 11 ನವೆಂಬರ 1957

ಹಲಸಂಗಿಯ ಒಂದೇ ಓಣಿಯ ಮಣ್ಣಿನಲ್ಲಿ ನನ್ನ ಜೋಡಿ ಉರುಳಾಡಿದ ಗೆಳೆಯ ಬಸಂತರಾಯನಿಗೆ ಜೈನುದ್ದೀನನ ಸಲಾಮು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ಖರೆ ಹೇಳಬೇಕೆಂದರೆ ಕ್ಷೇಮ ಇಲ್ಲ. ಶನಿವಾರ ಮುನ್ಸಿಪಾಲ್ಟಿಯ ಸಿಪಾಯಿ ಬಂದು ಒಂದು ನೋಟೀಸು ಕೊಟ್ಟು, ಅಂಗೂಠಾ ಬೇಡ ಸಹಿಯೇ ಬೇಕು ಎಂದು ಸಹಿ ಮಾಡಿಸಿಕೊಂಡು ಹೋದ. ನಮ್ಮ ಮನೆಯ ಮುಂದಿನ ಕಟ್ಟೆ ರಸ್ತೆಯ ಮೇಲೆ ಬಂದಿದೆಯಂತೆ. ಊರಿನ ಬೈಲಾದ ಪ್ರಕಾರ ಅಳತೆಗಿಂತ ಹೆಚ್ಚಾದ ಭಾಗ ಒಡೆಯಬೇಕಂತೆ. ತಕರಾರು ಇದ್ದರೆ ಡಿಸೆಂಬರ 16ರ ಸೋಮವಾರ ಕಮಿಟಿಯ ಮುಂದೆ ಹೇಳಬೇಕಂತೆ.

ನೀನು ನಮ್ಮ ಮನೆ ನೋಡಿದ್ದೀ. ಒಳಗೆ ಒಂದೇ ಕಿಟಕಿ, ಅದರಲ್ಲಿ ಬೆಕ್ಕು ಕೂತರೆ ಕತ್ತಲಾಗುತ್ತದೆ. ನನ್ನ ಹೊಲಿಗೆಯ ಮಷಿನು ಇರುವುದೇ ಆ ಕಟ್ಟೆಯ ಮೇಲೆ. ಮಷಿನು ಮತ್ತು ಅದರ ಹಿಂದೆ ನನ್ನ ಸ್ಟೂಲು ಇಟ್ಟರೆ ಬೆರಳು ಆಡಿಸಲೂ ಜಾಗ ಉಳಿಯುವುದಿಲ್ಲ. ಅದರಲ್ಲಿ ತುಸು ಒಡೆದರೂ ನಾನು ಕೂಡುವುದು ಗಟಾರದಲ್ಲಿ. ಲಗ್ನದ ದಿನಗಳು ಬಂದವು. ಎಪ್ಪತ್ತು ಕುಬಸದ ಬಟ್ಟೆ ಗಂಟು ಕಟ್ಟಿ ಇಟ್ಟಿದ್ದೇನೆ.

ಕಚೇರಿಗೆ ಹೋದೆ. ಅಲ್ಲಿಯ ಕಾರಕೂನ ಸೋಮನಿಂಗ ನನ್ನ ಗಿರಾಕಿಯೇ. ಬೈಲಾ ಅಂದ್ರ ಏನ್ರಿ ಎಂದು ಕೇಳಿದೆ.

"ಊರಿನ ಕಾಯದೇರಿ ಸಾಬ್ರ. ಸರಕಾರದ ಕಾಯದೆ ಥಾನಿನ ಅರಬಿ ಇದ್ದಂಗ. ಬೈಲಾ ಅಂದ್ರ ಊರಿನ ಅಳತಿಗೆ ಹೊಲಿಸಿದ ಅಂಗಿ."

"ಆ ಅಂಗಿ ಒಂದೀಟು ತೋರಸ್ರಿ. ನನ್ನ ಕಟ್ಟಿ ಅದರಾಗ ಎಲ್ಲೈತಿ ನೋಡ್ತೇನಿ."

"ಇರೂದು ಒಂದ ಪುಸ್ತಕ. ಇಂಗ್ಲೀಷಿನಾಗ ಐತಿ. ಹಾಳಿ ಕಿತ್ತಿದ್ದೂಂತ ರಟ್ಟು ಹಾಕಸಾಕ ಹೊರಗ ಕಳಸೇವಿ."

"ಯಾವಾಗ ಬರ್ತೈತಿ?"

"ರಟ್ಟು ಹಾಕಿದ ಮ್ಯಾಲ."

ನನಗೇನು ಅನಿಸಿತು ಗೊತ್ತೇ? ಅಂಗಿ ಎಂಬುದೇ ಇಲ್ಲ, ಬರೀ ಗುಂಡಿ ತೋರಿಸುತ್ತಿದ್ದಾರೆ ಅನಿಸಿತು. ಇನ್ನೊಂದು ಮಾತು. ನಮ್ಮ ಓಣಿಯಲ್ಲಿ ಐದು ಮನೆಗಳಿಗೆ ನೋಟೀಸು ಬಂದಿದೆ. ಮೊದಲನೆಯದು ನನಗೆ. ಆದರೆ ನನ್ನ ಗೋಡೆಗೆ ಗೋಡೆ ಹಚ್ಚಿರುವ ಕಿರಾಣಿ ಅಂಗಡಿಯ ಮಡಿವಾಳಪ್ಪನಿಗೆ ಬಂದಿಲ್ಲ! ಈ ಯುಗಾದಿಗೆ ಹೊಸ ಫರಸಿಕಲ್ಲು ಹಾಸಿ ಕಟ್ಟೆ ಉದ್ದ ಮಾಡಿದವನು ಅವನು, ನೋಟೀಸು ನಮಗೆ. ಇದರ ಹಿಂದೆ ಯಾರ ಕೈ ಇದೆ ಎಂದು ನಾನು ಬಾಯಿಬಿಟ್ಟು ಹೇಳಬೇಕೇ? ಓಣಿಯವರೆಲ್ಲರಿಗೂ ಹೇಳಿದ್ದೇನೆ, ನಿನಗೂ ಹೇಳುತ್ತಿದ್ದೇನೆ.

ನೀನು ಕೋರ್ಟಿನಲ್ಲಿ ಇದ್ದೀ. ನಿನ್ನ ಕಪಾಟಿನಲ್ಲಿ ಇಲ್ಲದ ಕಾಯದೆ ಯಾವುದು? ಬೈಲಾದ ಪುಸ್ತಕ ಹುಡುಕಿ ಕಳಿಸು. ಕಟ್ಟೆಯ ಹಾಳೆಯಷ್ಟೇ ಅಲ್ಲ, ಇಡೀ ಪುಸ್ತಕ ಬೇಕು. ಇದನ್ನು ಯಾರ ಮೈಗೆ ಅಳತೆ ಮಾಡಿ ಹೊಲಿದರೋ ನೋಡಬೇಕು.

ನಿನ್ನ
ಜೈನುದ್ದೀನ


ಮುದ್ದೇಬಿಹಾಳ
ತಾ. 17 ನವೆಂಬರ 1957

ಚಿರಪರಿಚಿತ ಜೈನೂಗೆ ಬಸಂತರಾಯನ ನಮಸ್ಕಾರ.

ಪತ್ರ ಮುಟ್ಟಿತು. ಅಂಟು ಬಿಟ್ಟಿತ್ತು. ದಾರಿಯಲ್ಲಿ ತಾನೇ ಬಿಟ್ಟಿತೋ, ಯಾರಾದರೂ ಬಿಡಿಸಿದರೋ ತಿಳಿಯದು. ಇನ್ನು ಮುಂದೆ ಕಚೇರಿಯ ವಿಳಾಸಕ್ಕೆ ಬರೆಯಬೇಡ, ಮನೆಗೆ ಬರೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಒಂದು ವರ್ಷವಾಯಿತು. ಯಾವ ಕಾರಕೂನ ಇಲ್ಲಿ ಉಳಿಯುತ್ತಾನೆ, ಯಾರನ್ನು ಎಲ್ಲಿಗೆ ಒಗೆಯುತ್ತಾರೆ ಇನ್ನೂ ಗೊತ್ತಿಲ್ಲ. ಒಬ್ಬನ ಮೇಜಿನ ಮೇಲಿನ ಕಾಗದವನ್ನು ಇನ್ನೊಬ್ಬ ಓರೆಗಣ್ಣಿನಲ್ಲಿ ಓದುವ ಕಾಲ ಇದು.

ನಿನಗೆ ಇಡೀ ಪುಸ್ತಕ ಯಾಕೆ ಬೇಕು? ಕಟ್ಟೆ ಹೋಗುವವನಿಗೆ ಕಟ್ಟೆಯ ಹಾಳೆ ಸಾಕು. ನಿಮ್ಮ ಊರಲ್ಲಿ ಮುನ್ಸಿಪಾಲ್ಟಿಯ ಚುನಾವಣೆ ಹತ್ತಿರ ಬಂತು ಎಂದು ಕೇಳಿದೆ. ಯಾರೋ ನಿನ್ನನ್ನು ಮುಂದೆ ಬಿಟ್ಟು ತಾವು ಹಿಂದೆ ನಿಂತಿಲ್ಲ ತಾನೆ? ಸಿಟ್ಟು ಮಾಡಿಕೊಳ್ಳಬೇಡ, ಕೇಳುವುದು ನನ್ನ ಕೆಲಸ.

ನಮ್ಮ ಕೋರ್ಟಿನಲ್ಲಿ ಅಂಥ ಪುಸ್ತಕ ಇಲ್ಲ.

ಕಾರಕೂನನ ಚಾಳಿಯಂತೆ ಒಂದು ಪ್ರಶ್ನೆ: ಈ ನೋಟೀಸಿಗಿಂತ ಹಿಂದಿನ ಕಾಗದಪತ್ರ ಏನಾದರೂ ಇದೆಯೇ? ನೀನು ಕಚೇರಿಗೆ ಎಂದಾದರೂ ಅರ್ಜಿ ಗಿರ್ಜಿ ಕೊಟ್ಟಿದ್ದೆಯಾ?

ನಿನ್ನ
ಬಸಂತರಾಯ


ಇಂಡಿ
ತಾ. 22 ನವೆಂಬರ 1957

ಬಸಂತರಾಯ ಸಾಹೇಬರಿಗೆ,

ಹೌದು, ಸಾಹೇಬರೇ. ಹಲಸಂಗಿಯಲ್ಲಿ ಹರಕು ಚಡ್ಡಿಗೆ ನನ್ನ ಅಪ್ಪನ ಕೈಯಿಂದ ತ್ಯಾಪೆ ಹಾಕಿಸಿಕೊಂಡ ಬಸಂತ ಬೇರೆ, ಮುದ್ದೇಬಿಹಾಳದಲ್ಲಿ ಕೂತು ನನ್ನ ಜಬಾನಿ ಬರೆದುಕೊಳ್ಳುವ ಬಸಂತರಾಯರು ಬೇರೆ. ನನ್ನ ಹಿಂದೆ ಯಾರೂ ಇಲ್ಲ. ನನ್ನ ಹಿಂದೆ ಇರುವುದು ಗೋಡೆ. ಹಿಂದಿನ ಕಾಗದ ಯಾವುದೂ ಇಲ್ಲ.

ಕಪಾಟು ತುಂಬ ಕಾಯದೆ ಇಟ್ಟುಕೊಂಡು ಪುಸ್ತಕ ಇಲ್ಲ ಅನ್ನುತ್ತೀ. ಇಲ್ಲಿಯವರೂ ಇಲ್ಲ ಅನ್ನುತ್ತಾರೆ. ಎಲ್ಲರೂ ಕೂಡಿಯೇ ಮಾತಾಡಿಕೊಂಡಂತೆ ಇದೆ.

ಮಡಿವಾಳಪ್ಪನ ಕಥೆ ಕೇಳು. ಮೊನ್ನೆ ತನ್ನ ಕಟ್ಟೆಯ ಮೇಲಿಂದಲೇ ಕೂಗಿದ: "ಏನೋ ಟೇಲರ್, ಮಾರಿ ಸಣ್ಣದಾಗೇತಿ? ಬಾ, ಚಾ ಕುಡಿ."

"ನಿನಗ ನೋಟೀಸು ಬಂದಿಲ್ಲೇನು?" ಅಂದೆ.

"ಇಲ್ಲಪಾ. ನನಗ ಯಾರ್ ಕಾಗದ ಬರೀತಾರ? ಬೀಗರು ಸೈತ ಬರಿಯೂದಿಲ್ಲ," ಎಂದು ಹೊಟ್ಟೆ ಕುಣಿಸಿ ನಕ್ಕ.

ನೋಟೀಸು ಬರದವನೂ ನಗುತ್ತಾನೆ, ನೋಟೀಸು ಕೊಡಿಸಿದವನೂ ನಗುತ್ತಾನೆ. ಇದು ಯಾವ ನಗೆ ಎಂದು ಅಳೆಯುವ ಟೇಪು ನನ್ನ ಹತ್ತಿರ ಇಲ್ಲ. ಚಾ ಕುಡಿಯಲಿಲ್ಲ. ಸಂಜೆಗೆ ಅವನ ಹೆಂಡತಿ ಹೊನ್ನವ್ವ ಎರಡು ಬಟ್ಟಲು ಸಜ್ಜಕ ಕಳಿಸಿದಳು. ಹಬ್ಬವಲ್ಲ, ಹುಣ್ಣಿಮೆಯಲ್ಲ, ಸಜ್ಜಕ ಯಾಕೆ? ತಪ್ಪು ಮಾಡಿದವರ ಮನೆಯಿಂದಲೇ ಸಿಹಿ ಬರುವುದು. ತಿನ್ನಬೇಡ ಎಂದು ಅಮ್ಮನಿಗೆ ಹೇಳಿದೆ. "ವಿಷ ಇದ್ರ ನಾ ಸಾಯ್ತೇನಿ ಬಿಡು, ವಯಸ್ಸಾಗೇತಿ," ಎಂದು ಅಮ್ಮ ಎರಡೂ ಬಟ್ಟಲು ಖಾಲಿ ಮಾಡಿದಳು. ಇವತ್ತಿನವರೆಗೆ ಗಟ್ಟಿಯಾಗಿದ್ದಾಳೆ.

ಓಣಿಯ ತುದಿಗೆ ಚನ್ನವ್ವ ಎಂಬ ವಿಧವೆ ಇದ್ದಾಳೆ. ತನ್ನ ಕಟ್ಟೆಯ ಮೇಲೆ ಕೊತಂಬರಿ, ಮೆಂತ್ಯೆಪಲ್ಲೆ ಮಾರುತ್ತಾಳೆ. ಆಕೆಗೂ ನೋಟೀಸು ಬಂದಿದೆ. ಓದಿ ಹೇಳು ಎಂದು ನನ್ನ ಹತ್ತಿರವೇ ತಂದಳು. ಓದಿದೆ. ತಿಳಿಯಲಿಲ್ಲ, ಇನ್ನೊಮ್ಮೆ ಓದು ಅಂದಳು. ಮೂರು ಸಲ ಓದಿಸಿದಳು. ಮೂರನೆಯ ಸಲಕ್ಕೆ ನನಗೆ ಅಕ್ಷರ ಸರಿಯಾಗಿ ಕಾಣಲಿಲ್ಲ. ಕಣ್ಣಿಗೆ ದಣಿವು ಇರಬೇಕು.

ಇಪ್ಪತ್ತನಾಲ್ಕು ದಿನ ಉಳಿದಿವೆ.

ಜೈನುದ್ದೀನ


ಮುದ್ದೇಬಿಹಾಳ
ತಾ. 27 ನವೆಂಬರ 1957

ಜೈನೂ,

ನಿನ್ನ ಅಪ್ಪನ ತ್ಯಾಪೆಯ ಮಾತು ಎತ್ತಿದ್ದಕ್ಕೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಸುಳ್ಳು ಹೇಳಿದ್ದೆ. ಪುಸ್ತಕ ಇದೆ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ, ಮೇಲಿನ ಸಾಲಿನಲ್ಲಿ. ಹೊರಗಿನವರಿಗೆ ನಕಲು ಕೊಟ್ಟೆ ಎಂದು ಯಾರಾದರೂ ಹಚ್ಚಿಕೊಟ್ಟರೆ ಎಂದು ಹೆದರಿದ್ದೆ. ಊಟದ ಬಿಡುವಿನಲ್ಲಿ ಕಟ್ಟೆಯ ಸಂಬಂಧದ ನಾಲ್ಕು ಹಾಳೆ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ, ಇದರೊಳಗೆ ಇಟ್ಟಿದ್ದೇನೆ. ಇಂಥ ಬರಹ ಹೇಗೆ ಇರುತ್ತದೆ, ಯಾವ ಮಾತಿಗೆ ಏನು ಅರ್ಥ ಎಂದು ನಿನಗೆ ಅಂದಾಜು ಸಿಗಲಿ ಎಂದು ಮಾತ್ರ. ಕಡೆಯ ಹಾಳೆಯ ಕೆಳಗೆ ಒಂದು ಸೂಚನೆ ಬರೆದಿದ್ದೇನೆ, ಅದನ್ನು ಮೊದಲು ಓದು. ಯಾರಿಗೂ ತೋರಿಸಬೇಡ.

ಬಸಂತ


ಇಂಡಿ
ತಾ. 4 ಡಿಸೆಂಬರ 1957

ಬಸಂತರಾಯ,

ನನ್ನನ್ನು ಊರ ಮುಂದೆ ಕುಣಿಸಿದೆ. ಸಮಾಧಾನವಾಯಿತೇ?

ನಿನ್ನ ಹಾಳೆ ಬಂದ ದಿನ ನನಗೆ ಹಬ್ಬ. "ಕಟ್ಟೆಯು ಮೂರೂವರೆ ಫೂಟಿಗೆ ಮೀರಬಾರದು" ಎಂದು ನಿನ್ನ ಕೈಯಿಂದಲೇ ಬರೆದಿದೆ. ನನ್ನದು ಮೂರು ಫೂಟು ಒಂದು ಇಂಚು. ಗೆದ್ದೆ ಎಂದು ಚನ್ನವ್ವನನ್ನೂ ಇನ್ನು ಮೂರು ಮನೆಯವರನ್ನೂ ಕರೆದುಕೊಂಡು ಕಚೇರಿಗೆ ಹೋಗಿ, ಬಾಗಿಲಲ್ಲಿ ನಿಂತು ಮೌಲವಿಯಂತೆ ದೊಡ್ಡ ಧ್ವನಿಯಲ್ಲಿ ಓದಿದೆ. ಸೋಮನಿಂಗ ಪೂರ್ತಿ ಕೇಳಿದ. ಆಮೇಲೆ ಕಡೆಯ ಹಾಳೆ ತನ್ನ ಕೈಗೆ ತಗೊಂಡು ಕೆಳಗಿನ ಸಾಲಿಗೆ ಬೆರಳಿಟ್ಟ.

"ಸಾಬ್ರ, ಇದು ಮುದ್ದೇಬಿಹಾಳದ್ದೈತಿ. ಒಂದೊಂದ ಊರಿಗೆ ಒಂದೊಂದ ಬೈಲಾ. ಬಸಪ್ಪನ ಅಳತಿ ತಗೊಂಡು ರುದ್ರಪ್ಪಗ ಅಂಗಿ ಹೊಲೀತೀರೇನು ನೀವು?"

ನಕ್ಕರು, ಬಸಂತ. ಚನ್ನವ್ವ ಕೂಡ ನಕ್ಕಳು. ಹೋಗಲಿ. ಆದರೆ ನನಗೆ ತಿಳಿಯದ್ದು ಇದು: ಬೇರೆ ಊರಿನದು ಎಂದು ನಿನಗೆ ಗೊತ್ತಿತ್ತು. ಸೂಚನೆಯನ್ನು ಮೇಲೆ ಬರೆಯದೆ ಕೆಳಗೆ ಯಾಕೆ ಬರೆದೆ? ಮಡಿವಾಳಪ್ಪನ ತಂಗಿಯನ್ನು ಮುದ್ದೇಬಿಹಾಳದ ಕಡೆಗೇ ಕೊಟ್ಟಿದ್ದಾರೆ ಎಂದು ಅಮ್ಮ ಹೇಳುತ್ತಾಳೆ. ಅವರ ಮನೆಗೆ ನೀನು ಹೋಗಿ ಬರುವುದು ಉಂಟೇ? ಅವನು ನಿನಗೆ ಏನಾದರೂ ಬರೆದನೇ?

ಅವನ ಕಟ್ಟೆ ಹೊಸ್ತಿಲಿನಿಂದ ತುದಿಗೆ ಮೂರೂವರೆ ಫೂಟು ಇದೆ. ನಾನೇ ಅಳೆದಿದ್ದೇನೆ, ಶ್ರಾವಣದಲ್ಲಿ, ಅವರು ಗಂಡ ಹೆಂಡತಿ ಹೊಲಕ್ಕೆ ಹೋದಾಗ. ನನ್ನ ಕಟ್ಟೆ ಹೊಸ್ತಿಲಿನಿಂದ ಮೂರು ಫೂಟು ಒಂದು ಇಂಚು. ಹೆಚ್ಚು ಇದ್ದವನು ಪಾರಾದ, ಕಡಿಮೆ ಇದ್ದವನು ಸಿಕ್ಕ. ಇದಕ್ಕೆ ಯಾವ ಬೈಲಾ?

ಜೈನುದ್ದೀನ


ವಿಜಾಪುರ
ತಾ. 10 ಡಿಸೆಂಬರ 1957

ಜೈನೂ,

ಎರಡು ದಿನ ರಜೆ ಹಾಕಿ ವಿಜಾಪುರಕ್ಕೆ ಬಂದಿದ್ದೇನೆ. ಮೊಮ್ಮಗನ ಜವಳ ಎಂದು ಅರ್ಜಿಯಲ್ಲಿ ಬರೆದೆ; ನನಗೆ ಮೊಮ್ಮಗ ಇಲ್ಲ ಎಂಬುದು ನಿನಗೆ ಗೊತ್ತು. ಊರೂರಿನ ಬೈಲಾಗಳು ಮಂಜೂರಾದ ಮೇಲೆ ಸರಕಾರದ ಗ್ಯಾಝೆಟ್ಟಿನಲ್ಲಿ ಅಚ್ಚಾಗುತ್ತವೆ. ಇಲ್ಲಿ ಪರಿಚಯದ ವಕೀಲರೊಬ್ಬರ ಅಟ್ಟದ ಮೇಲೆ ಹಳೆಯ ಗ್ಯಾಝೆಟ್ಟುಗಳ ರಾಶಿ ಇದೆ. ಒಂದೂವರೆ ದಿನ ಧೂಳು ತಿಂದ ಮೇಲೆ ನಿಮ್ಮ ಇಂಡಿಯ ಬೈಲಾ ಸಿಕ್ಕಿತು. ಅಂಗಿ ಇದೆ, ಜೈನೂ. ಬರೀ ಗುಂಡಿ ಅಲ್ಲ.

ಮಡಿವಾಳಪ್ಪನ ತಂಗಿ ಯಾರು ಎಂದು ನನಗೆ ಗೊತ್ತಿಲ್ಲ. ನೀನು ಕೇಳಿದ್ದಕ್ಕೆ ನೋವಾಯಿತು. ಆದರೆ ನಿನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನಾನೂ ಕೇಳಿದ್ದೆನಲ್ಲ.

ಈಗ ಸಾವಕಾಶ ಓದು. ಬೈಲಾದ ಮಾತನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ಕಟ್ಟೆ ಎರಡೂವರೆ ಫೂಟಿಗೆ ಮೀರಬಾರದು. ಅಳತೆ ಹಿಡಿಯಬೇಕಾದದ್ದು ಗೋಡೆಯ ಹೊರಮೈಯಿಂದ. ಹೊಸ್ತಿಲಿನಿಂದ ಅಲ್ಲ. ನಮ್ಮ ಹಲಸಂಗಿಯಲ್ಲಿ ಮನೆಯ ಅಳತೆ ಎಂದರೆ ಹೊಸ್ತಿಲಿನಿಂದಲೇ, ಹಿರಿಯರು ಹಗ್ಗ ಹಿಡಿಯುತ್ತಿದ್ದದ್ದೂ ಅಲ್ಲಿಂದಲೇ. ನೀನೂ ಹಾಗೇ ಹಿಡಿದೆ. ಹೋದ ವರ್ಷ ನಿಮ್ಮಲ್ಲಿಗೆ ಬಂದಾಗ ಮಳೆ ಹೊಡೆಯಿತು, ನೆನಪಿದೆಯೇ? ಮಡಿವಾಳಪ್ಪನ ಬಾಗಿಲ ಸಂದಿನಲ್ಲಿ ಗೋಡೆಯ ದಪ್ಪದೊಳಗೆ ನಿಂತು ನಾನು ಒಂದು ಹನಿ ತಾಗದೆ ಉಳಿದೆ. ಅವನ ಹೊಸ್ತಿಲು ಗೋಡೆಯ ಹೊರಮೈಯಿಂದ ಒಂದು ಫೂಟಿನ ಮೇಲೆ ಒಳಗಿದೆ. ಅದನ್ನು ಕಳೆ. ಅವನ ಕಟ್ಟೆ ಎರಡೂವರೆ ಫೂಟಿನ ಒಳಗೇ ಬರುತ್ತದೆ. ನಿನ್ನ ಹೊಸ್ತಿಲು ಗೋಡೆಗೆ ಸಮ ಇದೆ. ನಿನ್ನ ಮೂರು ಫೂಟು ಒಂದು ಇಂಚಿನಲ್ಲಿ ಕಳೆಯಲು ಏನೂ ಇಲ್ಲ. ಏಳು ಇಂಚು ಹೆಚ್ಚು.

ಇನ್ನೊಂದು ಕಲಮು ಇದೆ. ಓಣಿಯಲ್ಲಿ ಇರುವವನೊಬ್ಬ ಬರಹದಲ್ಲಿ ಅರ್ಜಿ ಕೊಟ್ಟ ಹೊರತು ಕಟ್ಟೆ ಅಳೆಯುವ ಹಾಗಿಲ್ಲ. ಅರ್ಜಿ ಒಂದೇ ಮನೆಯ ಮೇಲೆ ಇದ್ದರೂ ಓಣಿಯ ಎಲ್ಲ ಕಟ್ಟೆಗಳನ್ನೂ ಅಳೆಯಬೇಕು. ಅಳತೆಯೂ ನೋಟೀಸೂ ಅರ್ಜಿದಾರನ ಮನೆಯಿಂದಲೇ ಸುರುವಾಗಬೇಕು. ಇದನ್ನು ಬರೆದ ಪುಣ್ಯಾತ್ಮ ನಮ್ಮ ಕಡೆಯ ಜನರನ್ನು ಬಲ್ಲವನು.

ಮೊದಲ ನೋಟೀಸು ನಿನಗೆ ಬಂತು ಎಂದು ನೀನೇ ಬರೆದಿದ್ದೀ. ನೋಟೀಸು ಬಂದದ್ದು ಕಾರ್ತಿಕದಲ್ಲಿ. ನೀನು ಮಡಿವಾಳಪ್ಪನ ಕಟ್ಟೆಗೆ ಟೇಪು ಹಿಡಿದದ್ದು ಶ್ರಾವಣದಲ್ಲಿ. ಜೈನೂ, ಅರ್ಜಿ ಕೊಟ್ಟವರು ಯಾರು?

ಉತ್ತರ ನನಗೆ ಬರೆಯಬೇಕಾಗಿಲ್ಲ. ಕಡೆಯ ಕಲಮು ಮಾತ್ರ ಹೇಳಿ ಮುಗಿಸುತ್ತೇನೆ. ಅರ್ಜಿದಾರ ಕಮಿಟಿಯ ದಿನ ತಾನೇ ಎದ್ದು ನಿಂತು, ನೋಟೀಸು ಬಂದ ಎಲ್ಲರೂ ಕೇಳುವಂತೆ ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ, ಉಳಿದ ಮನೆಗಳ ನೋಟೀಸು ರದ್ದಾಗುತ್ತವೆ. ಅರ್ಜಿದಾರನ ನೋಟೀಸು ಮಾತ್ರ ರದ್ದಾಗುವುದಿಲ್ಲ. ಅವನು ಸುಮ್ಮನಿದ್ದರೆ ಅವನ ಹೆಸರನ್ನು ಯಾರೂ ಓದಿ ಹೇಳುವುದಿಲ್ಲ. ಐದೂ ಕಟ್ಟೆ ಒಡೆಯುತ್ತವೆ. ಎದ್ದು ನಿಂತರೂ ಸುಮ್ಮನಿದ್ದರೂ ನಿನ್ನದು ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಕಲಮು ಹುಡುಕಿದೆ, ಸಿಗಲಿಲ್ಲ.

ಬಸಂತ


ಇಂಡಿ
ತಾ. 13 ಡಿಸೆಂಬರ 1957
(ಕಾರ್ಡು)

ಬಸಂತರಾಯನಿಗೆ. ಪತ್ರ ಮುಟ್ಟಿತು. ಅಮ್ಮ ಆರಾಮ ಇದ್ದಾಳೆ. ಇಲ್ಲಿ ಚಳಿ ಬಹಳ. ನನ್ನ ಡಿಸೆಂಬರ 4ರ ಪತ್ರ ಸುಟ್ಟುಬಿಡು.

ಜೈನುದ್ದೀನ


ಇಂಡಿ
ತಾ. 22 ಡಿಸೆಂಬರ 1957

ಪ್ರಾಣದ ಗೆಳೆಯ ಬಸಂತನಿಗೆ, ನಿನ್ನ ಮುಂದೆ ತಲೆ ಎತ್ತಲಾರದ ಜೈನೂ ಮಾಡುವ ಸಲಾಮು.

ಅರ್ಜಿ ನಾನೇ ಕೊಟ್ಟಿದ್ದೆ. ಯುಗಾದಿಗೆ ಅವನು ಹೊಸ ಫರಸಿ ಹಾಸಿದ ಮೇಲೆ ನನ್ನ ಗಿರಾಕಿಗಳು ಬಟ್ಟೆ ನನ್ನ ಕೈಗೆ ಕೊಟ್ಟು ಅವನ ಕಟ್ಟೆಯ ಮೇಲೆ ಹೋಗಿ ಕೂಡತೊಡಗಿದರು. ತಣ್ಣಗಿರುತ್ತದಂತೆ. ಅಲ್ಲಿ ಕೂತು ಹರಟೆ ಹೊಡೆದು, ಅವನ ಅಂಗಡಿಯ ಪುಠಾಣಿ ತಿಂದು, ನನ್ನ ಕಡೆ ನೋಡಿ ನಗುವುದು. ನನ್ನ ಮೇಲೇ ನಗುತ್ತಾರೆ ಅನಿಸಿತು. ಶ್ರಾವಣದಲ್ಲಿ ಅಳೆದೆ, ಭಾದ್ರಪದದಲ್ಲಿ ಅರ್ಜಿ ಬರೆದೆ. ದಸರೆಯ ಹೊತ್ತಿಗೆ ಅಳೆಯಲು ಬಂದರಂತೆ. ನಾನು ಅಸ್ತರದ ಬಟ್ಟೆ ತರಲು ಸೋಲಾಪುರಕ್ಕೆ ಹೋಗಿದ್ದೆ. ನನಗೇ ನೋಟೀಸು ಬಂದಾಗ, ಅವನು ನನಗಿಂತ ಮೊದಲೇ ಹೋಗಿ ಎಲ್ಲ ತಿರುವುಮುರುವು ಮಾಡಿಸಿದ ಎಂದು ಖರೇನೇ ನಂಬಿದ್ದೆ. ನಿನಗೆ ಹೇಳಲು ನಾಚಿಕೆಯಾಗಿ ಬಚ್ಚಿಟ್ಟೆ.

ಸೋಮವಾರ ಕಚೇರಿಗೆ ಹೋಗುವಾಗ ಬಾಯಿ ಮುಚ್ಚಿಕೊಂಡು ಬರುವುದು ಎಂದೇ ಹೋಗಿದ್ದೆ. ನನ್ನ ಕಟ್ಟೆಯಂತೂ ಉಳಿಯುವುದಿಲ್ಲ, ಹೆಸರಾದರೂ ಉಳಿಯಲಿ ಎಂದು. ನಾವು ಐದು ಮನೆಯವರು ಬೆಂಚಿನ ಮೇಲೆ ಕೂತಿದ್ದೆವು. ಮಡಿವಾಳಪ್ಪನಿಗೆ ನೋಟೀಸು ಇರಲಿಲ್ಲ. ಆದರೂ, ಓಣಿಯವರ ಕೆಲಸ ಎಂದು ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಅಧ್ಯಕ್ಷರು ಕೇಳಿದರು:

"ಅರ್ಜಿ ಕೊಟ್ಟವರು ಹಿಂದಕ್ಕ ತಗೊಳ್ಳೋದಿದ್ರ ಈಗ ಎದ್ದು ನಿಂದರ್ರಿ. ಇಲ್ಲಾಂದ್ರ ಮುಂದ ಸಾಗ್ತೇವಿ."

ಯಾರೂ ಏಳಲಿಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಒಂದು ತಿಂಗಳು ನಾನು ಮನೆ ಮನೆಗೆ ಬಿತ್ತಿದ್ದು ಅಲ್ಲಿ ಬೆಳೆದು ನಿಂತಿತ್ತು, ಬಸಂತ. ಚನ್ನವ್ವ ಸೆರಗು ಬಿಗಿದು ಅವನಿಗೆ ಅಂದಳು: "ಹೇಳಪಾ ಮಡಿವಾಳಪ್ಪ. ಹೆಂಗೂ ನಿಂತ ಇದ್ದಿ. ಬಡವಿ ಕಟ್ಟಿ ಒಡದು ಏನ್ ಗಂಟು ಕಟ್ಕೊಂಡಿ?"

ಅವನು ನಗುವವ. ಅವತ್ತು ನಗಲಿಲ್ಲ. ಮಾರಿ ಎಲ್ಲಿಡಬೇಕು ತಿಳಿಯದೆ ತನ್ನ ಚಪ್ಪಲಿ ನೋಡಿಕೊಂಡ. ಆ ಮಾರಿ ನೋಡಿದ ಮೇಲೆ ನಾನು ಯಾವಾಗ ಎದ್ದೆನೋ ನನಗೇ ಗೊತ್ತಾಗಲಿಲ್ಲ.

"ಅರ್ಜಿ ನಂದೈತ್ರಿ. ಅವನ ಮ್ಯಾಲ ಕೊಟ್ಟಿದ್ದೆ. ಹಿಂದಕ್ಕ ತಗೋತೇನಿ."

"ಯಾಕ ಕೊಟ್ಟಿದ್ರಿ?" ಅಂದರು ಅಧ್ಯಕ್ಷರು.

"ಅವನ ಕಟ್ಟಿ ತಣ್ಣಗಿತ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. ಸಹಿ ಮಾಡಿದೆ. ನಾಲ್ಕು ನೋಟೀಸು ರದ್ದಾದವು, ನನ್ನದು ಉಳಿಯಿತು. ಹೊರಗೆ ಬರುವಾಗ ಚನ್ನವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಮೂರ ಸಲ ಓದಿ ಹೇಳಿದ್ಯಲ್ಲೋ ನನ್ನ ಮುಂದ. ಒಂದ ಸಲಾನರ ಖರೆ ಓದಬಾರದಾಗಿತ್ತೇನು?"

ಮಂಗಳವಾರ ಬೆಳಿಗ್ಗೆ ನಾನೇ ಹಾರಿ ತಗೊಂಡು ಏಳು ಇಂಚು ಒಡೆದೆ. ಓಣಿಯವರು ನೋಡಿಯೂ ನೋಡದಂತೆ ಹೋದರು. ಮಷಿನು ಒಳಗೆ ಒಯ್ದೆ. ಎರಡು ದಿನ ಕಿಟಕಿಯ ಹತ್ತಿರ ಹೊಲಿಯಲು ನೋಡಿದೆ. ಒಂದು ಕುಬಸಕ್ಕೆ ಎರಡು ಬಲತೋಳು ಹಚ್ಚಿದೆ. ಮದುವೆಯವರು ತಮ್ಮ ಬಟ್ಟೆ ಹಿಂದಕ್ಕೆ ಕೇಳತೊಡಗಿದರು.

ಶುಕ್ರವಾರ ಮಡಿವಾಳಪ್ಪ ಬಂದ. ಒಳಗೆ ಬಾ ಅನ್ನುವ ಮೊದಲೇ ಬಂದು ಮಷಿನಿನ ಒಂದು ತುದಿ ಎತ್ತಿದ.

"ಆ ಕಡೆ ಹಿಡಿ."

"ಎಲ್ಲಿಗಿ?"

"ನನ್ನ ಕಟ್ಟಿಗಿ. ಬರೀ ಮಷಿನಿಗೆ ಅಲ್ಲೆ ಜಾಗಾ ಐತಿ. ನೀ ಬಾಗಲ ಸಂದಿನ್ಯಾಗ ಕುಂದ್ರು."

"ಯಾಕ?"

"ಮಧ್ಯಾಹ್ನ ನನಗ ನಿದ್ದಿ ಬರ್ವಲ್ದು. ಹನ್ನೆರಡು ವರ್ಷ ನಿನ್ನ ಮಷಿನಿನ ಸಪ್ಪಳ ಕೇಳಿ ಮಲಗೇನಿ. ಮೂರ ದಿನ ಆತು, ಕಣ್ಣ ಮುಚ್ಚಿಲ್ಲ."

"ಅಷ್ಟ ಏನು?"

"ಅಷ್ಟ. ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ ಮತ್ತ. ಮಾತಾಡಸಬ್ಯಾಡ ನನ್ನ. ಹೊಲಿ."

ಈ ಪತ್ರ ಅವನ ಕಟ್ಟೆಯಿಂದಲೇ ಬರೆಯುತ್ತಿದ್ದೇನೆ. ಖರೇ ತಣ್ಣಗಿದೆ. ಆದರೆ ಬಸಂತ, ನನ್ನ ಸ್ವಭಾವ ನಿನಗೆ ಗೊತ್ತು. ಬರೀ ನಿದ್ದೆಗಾಗಿ ಯಾರಾದರೂ ಇಷ್ಟು ಮಾಡುತ್ತಾರೆಯೇ ಎಂದು ಮೂರು ದಿನದಿಂದ ವಿಚಾರ ಮಾಡುತ್ತಿದ್ದೇನೆ. ಈಗ ಮಧ್ಯಾಹ್ನ. ನನ್ನ ಕಾಲಿನಿಂದ ಎರಡು ಮೊಳ ದೂರ ಅಂಗಡಿಯ ಒಳಗೆ ಗೋಣಿಚೀಲದ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದಾನೆ. ಸುಳ್ಳು ಇದ್ದರೂ ಇರಬಹುದು ಎಂದು ಪರೀಕ್ಷೆಗೆ ಪೆಡಲು ನಿಲ್ಲಿಸಿದೆ. ಒಂದು ಕಣ್ಣು ತೆರೆದು "ಹೊಲಿ" ಅಂದ. ಇನ್ನೂ ನಂಬಿಕೆ ಬರಲಿಲ್ಲ. ತುಸು ಹೊತ್ತು ಬಿಟ್ಟು ಮತ್ತೆ ನಿಲ್ಲಿಸಿದೆ. ಮತ್ತೆ ಅದೇ ಕಣ್ಣು, ಅದೇ ಮಾತು.

ಈಗ ಒಂದು ಕೈಯಲ್ಲಿ ನಿನಗೆ ಬರೆಯುತ್ತಾ, ಸೂಜಿಯ ಕೆಳಗೆ ಬಟ್ಟೆ ಇಲ್ಲದೆ, ಬರೀ ಪೆಡಲು ತುಳಿಯುತ್ತಿದ್ದೇನೆ. ಅವನು ಮಲಗಿದ್ದಾನೆ.

ಜೈನೂ